ಬಂಗಿನ ಕ್ರೀಮಿಗೆ ಮೂಲ ಒಂದು ಕೈಗವಸು

ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಗಾರರ ಕೈಗಳ ಮೇಲೆ ಬಿಳಿ ಮಚ್ಚೆ ಏಳತೊಡಗಿತು, ಹೆಚ್ಚಾಗಿ ರಬ್ಬರ್ ಕೈಗವಸು ಮುಚ್ಚುವ ಜಾಗದಲ್ಲಿ. 1939ರಲ್ಲಿ ಅದರ ವರದಿ ಪ್ರಕಟವಾಯಿತು. ರಬ್ಬರು ಬೇಗ ಕೆಡದಿರಲೆಂದು ಬೆರೆಸಿದ್ದ ಮೊನೊಬೆಂಜೋನ್ ಎಂಬ ರಾಸಾಯನಿಕ ಅವರ ಮೈಬಣ್ಣವನ್ನೇ ಕಿತ್ತುಕೊಂಡಿತ್ತು. ಕೈಗವಸು ಬಿಟ್ಟ ಮೇಲೆ ಹಲವರಿಗೆ ಬಣ್ಣ ನಿಧಾನವಾಗಿ ಮರಳಿತು.

ಮೊನೊಬೆಂಜೋನಿನ ಹತ್ತಿರದ ನೆಂಟ ಹೈಡ್ರೊಕ್ವಿನೋನ್. ಫೋಟೊ ತೊಳೆಯಲು ಬಳಸುತ್ತಿದ್ದ ಈ ವಸ್ತು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ತಡೆಯುತ್ತದೆ. 1975ರಲ್ಲಿ ಚರ್ಮವೈದ್ಯರಾದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಐಸಾಕ್ ವಿಲ್ಲಿಸ್ ಇದರ ಜೊತೆ ಟ್ರೆಟಿನಾಯಿನ್ ಎಂಬ ಮದ್ದನ್ನು ಸೇರಿಸಿದರು. ಅವು ತರುವ ಉರಿ ತಣಿಸಲು ಸ್ಟಿರಾಯ್ಡ್ ಕೂಡ ಬೆರೆಸಿದರು. ಇವತ್ತು ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಬಂಗಿನ ಕ್ರೀಮು ಈ ಮಿಶ್ರಣದ ಸಂತಾನ. ವೈದ್ಯರ ಕಣ್ಗಾವಲಿನಲ್ಲಿ, ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿಕೊಂಡು, ಕೆಲವು ವಾರ ಬಳಸಿದರೆ ಬಂಗು ನಿಜಕ್ಕೂ ತಿಳಿಯಾಗುತ್ತದೆ. ಕೆನ್ನೆಯ ಕಪ್ಪು ಕಲೆಗಾಗಿ ಮದುವೆಮನೆಗೆ ಹೋಗುವುದನ್ನೇ ಬಿಟ್ಟ ಹೆಂಗಸರನ್ನು ಬಲ್ಲೆ. ಅವರ ಪಾಲಿಗೆ ಇದು ಸಣ್ಣ ಉಪಕಾರವಲ್ಲ.

ನಮ್ಮ ಅತ್ತಿಗೆ ಮಾತ್ರ ಅದನ್ನು ಎರಡು ವರ್ಷ ಹಚ್ಚಿದರು. ಮೊದಲ ತಿಂಗಳು ಮುಖ ಬೆಳ್ಳಗಾಯಿತು, ನೋಡಿದವರೆಲ್ಲ ಹೊಗಳಿದರು. ಆಮೇಲೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಕೆನ್ನೆಯ ಮೇಲೆ ಕೆಂಪು ನರಗಳು ಎದ್ದವು. ಬಿಸಿಲಿಗೆ ಹೋದರೆ ಉರಿ. ನಿಲ್ಲಿಸಿದರೆ ಮುಖವೆಲ್ಲ ಕೆಂಪೇರುತ್ತಿತ್ತು, ಹಚ್ಚಿದರೆ ತಣಿಯುತ್ತಿತ್ತು. ಬಿಡಲಾಗದ ಸ್ಟಿರಾಯ್ಡಿನ ಹಿಡಿತ ಇದೇ. ಹೈಡ್ರೊಕ್ವಿನೋನನ್ನೇ ವರ್ಷಗಟ್ಟಲೆ ಹಚ್ಚಿದರೆ ಚರ್ಮ ನೀಲಿಗಪ್ಪಾಗಿ ಉಳಿದುಬಿಡುವುದೂ ಉಂಟು. ದಕ್ಷಿಣ ಆಫ್ರಿಕಾದಲ್ಲಿ ಅನೇಕ ಹೆಂಗಸರು ಹೀಗೆ ನೊಂದ ಮೇಲೆ, 1990ರಲ್ಲಿ ಅಲ್ಲಿನ ಸೌಂದರ್ಯ ಕ್ರೀಮುಗಳಲ್ಲಿ ಅದನ್ನು ನಿಷೇಧಿಸಲಾಯಿತು.

ನಮ್ಮಲ್ಲಿ 2018ರಲ್ಲಿ 14 ಬಗೆಯ ಹಚ್ಚುವ ಸ್ಟಿರಾಯ್ಡುಗಳು ವೈದ್ಯರ ಚೀಟಿ ಬೇಕೇಬೇಕೆಂಬ ಪಟ್ಟಿಗೆ ಸೇರಿದವು. ಆದರೂ ಅತ್ತಿಗೆಗೆ ಯಾರೂ ಚೀಟಿ ಕೇಳಲಿಲ್ಲ. ಪಕ್ಕದ ಮನೆಯಾಕೆ ಕೊಟ್ಟ ಖಾಲಿ ಟ್ಯೂಬನ್ನು ಅಂಗಡಿಯಲ್ಲಿ ತೋರಿಸಿ, "ಇದೇ ಕೊಡಿ" ಅಂದಿದ್ದರು, ಅಷ್ಟೇ. ನನಗೆ ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅವರ ಕೊನೆಯ ಟ್ಯೂಬು ನನ್ನ ಹತ್ತಿರವಿದೆ. ಕೊನೆಯ ಹನಿಯೂ ಹೊರಬರಲೆಂದು ಬುಡದಿಂದ ಸುರುಳಿ ಸುತ್ತಿದ್ದಾರೆ. ಬಿಡಿಸಿ ನೋಡಿದರೆ ಒಳಗೆ ಕೆಂಪು ಗೆರೆ, ಅದರ ಪಕ್ಕ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ. ಅದು ಇಂಗ್ಲಿಷಿನಲ್ಲಿದೆ. ಅತ್ತಿಗೆ ಓದಬಲ್ಲದ್ದು ಕನ್ನಡ.