ಚೌಕಿಯ ಬೆಳಕಲ್ಲಿ ಸೆಮಿಸ್ಟರ್ ಪಾಠ

ಡಿಸೆಂಬರಿನ ಬೆಳಗು. ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ನೇತ್ರಾವತಿಯ ಕಡೆಯಿಂದ ಬಂದ ಮಂಜು ಇನ್ನೂ ಕರಗಿಲ್ಲ. ಧರ್ಮಸ್ಥಳದ ಸರ್ಕಾರಿ ಬಸ್ಸು ಬಂದು ನಿಂತದ್ದೇ ತಡ, ಅಷ್ಟು ಹೊತ್ತು ಕಂಬಕ್ಕೆ ಒರಗಿ ಮೊಬೈಲಿನಲ್ಲಿ ನೋಟ್ಸ್ ಓದುತ್ತಿದ್ದ ಮಕ್ಕಳೆಲ್ಲ ಬಾಗಿಲಿಗೆ ಮುತ್ತಿಕೊಳ್ಳುತ್ತಾರೆ. ಹುಡುಗರು ಪಾಸ್ ತೋರಿಸುತ್ತಾರೆ. ಹುಡುಗಿಯರು 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾರೆ. "ಪಿರ ಪೋಲೆ, ಪಿರ ಪೋಲೆ" ಎಂದು ನಿರ್ವಾಹಕರು ತುಳುವಿನಲ್ಲಿ ಹಿಂದಕ್ಕೆ ಕಳಿಸುತ್ತಲೇ ಇದ್ದಾರೆ. ಒಬ್ಬಳ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲೊಂದು ಬಟ್ಟೆಯ ಚೀಲ. ಚೀಲ ಸೀಟಿನ ಕಬ್ಬಿಣಕ್ಕೆ ತಾಗಿದಾಗ ಒಳಗಿನ ಗೆಜ್ಜೆ ಘಲ್ಲೆನ್ನುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಈ ದಾರಿಗೆ ಆ ಸದ್ದು ಹೊಸತಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಪೇಟೆಗಳ ನಡುವೆ ಗೆರೆ ಎಳೆದರೆ ಒಂದು ತ್ರಿಕೋನ. ಬಂಟ್ವಾಳದಿಂದ ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು ದಾಟಿದರೆ ಗುರುವಾಯನಕೆರೆ. ಅಲ್ಲಿಂದ ಒಂದು ದಾರಿ ಬೆಳ್ತಂಗಡಿ, ಉಜಿರೆಗೆ. ಇನ್ನೊಂದು ವೇಣೂರಿನ ಮೇಲಾಗಿ ಮೂಡುಬಿದಿರೆಗೆ. ಮೂಡುಬಿದಿರೆಯಿಂದ ಸಿದ್ದಕಟ್ಟೆ, ರಾಯಿ ಹಾದು ಮತ್ತೆ ಬಂಟ್ವಾಳ. ಈ ತ್ರಿಕೋನದೊಳಗೆ ಎಂಜಿನಿಯರಿಂಗ್ ಓದುವ ಮಕ್ಕಳನ್ನು ಕೊರಳ ಐಡಿ ಕಾರ್ಡಿನಿಂದಲೇ ಗುರುತಿಸಬಹುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ '4ಎಎಲ್' ಎಂದು ಶುರುವಾದರೆ ಮಿಜಾರಿನ ಆಳ್ವಾಸ್, '4ಎಸ್‌ಯು' ಎಂದಾದರೆ ಉಜಿರೆಯ ಎಸ್‌ಡಿಎಂ. ಆದರೆ ಕೈಯ ಬಟ್ಟೆಚೀಲದಲ್ಲಿ ಗೆಜ್ಜೆಯೋ ತಾಳವೋ ಇದ್ದರೆ ಅದು ಯಾವ ಕಾಲೇಜಿನದೆಂದು ಹೇಳುವುದು ಕಷ್ಟ. ಅದು ಮನೆಯಿಂದ ಬಂದದ್ದು.

ಪಾಠಕ್ಕೆ ಹಾಡನ್ನು ಜೊತೆ ಮಾಡುವುದು ಈ ನೆಲಕ್ಕೆ ಹಳೆಯ ಅಭ್ಯಾಸ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ. ಮೇಷ್ಟರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಮಕ್ಕಳ ನಡುವೆ ಓಡಾಡಿದ ಅವರು ಕನ್ನಡದ ಮಕ್ಕಳಿಗೆ ಹಾಡಿನ ಮೂಲಕ ಓದು ಕಲಿಸಿದರು. ಇವತ್ತು ಲ್ಯಾಪ್‌ಟಾಪು ಮತ್ತು ಗೆಜ್ಜೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರೆ ಅದು ಅದೇ ದಾರಿಯ ಮುಂದುವರಿಕೆ.

ಮಂಜು ಹರಿದ ಹಾಗೆ ಕಿಟಕಿಯಾಚೆ ಅಂಗಳಗಳು ಕಾಣಿಸುತ್ತವೆ. ಎಲ್ಲ ಅಂಗಳದಲ್ಲೂ ಅಡಿಕೆ. ಹಣ್ಣಡಿಕೆ ಒಣಗಿ ಚಾಲಿಯಾಗಲು ಸುಮಾರು 40 ದಿನದ ಬಿಸಿಲು ಬೇಕು. ನಡುವೆ ಒಂದು ಅಕಾಲ ಮಳೆ ಬಂದರೆ ಮನೆಯವರೆಲ್ಲ ಎದ್ದು ಓಡಬೇಕು. ಈ ಮಕ್ಕಳಲ್ಲಿ ಬಹಳ ಮಂದಿ ಆ ಓಟ ಓಡಿದವರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಅವರ ಮನಸ್ಸು ಮೊದಲು ಹೋಗುವುದು ಆ ಅಂಗಳಕ್ಕೇ. ಲ್ಯಾಬಿನ ಮೇಜಿನ ಮೇಲೆ ತೇವ ಅಳೆಯುವ ಸೆನ್ಸರು, ಸಣ್ಣ ಫ್ಯಾನು, ತಗಡಿನ ಪೆಟ್ಟಿಗೆ, ಅದರೊಳಗೆ ಮನೆಯಿಂದ ತಂದ ಒಂದು ಹಿಡಿ ಅಡಿಕೆ. ಬೆಸುಗೆಯ ಹೊಗೆ ಒಂದು ಕಡೆ, ಅಡಿಕೆಯ ಒಗರು ವಾಸನೆ ಇನ್ನೊಂದು ಕಡೆ. ಇಂಥ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ನೆರವು ಕೊಡುತ್ತಾ ಬಂದಿದೆ.

ಉಜಿರೆಯಲ್ಲಿ ಅರ್ಧ ಬಸ್ಸು ಖಾಲಿಯಾಗುತ್ತದೆ. ಇಲ್ಲಿನ ವಿದ್ಯೆಯ ಕಥೆ ಕಾಲೇಜಿಗಿಂತ ಹಿಂದಿನದು. ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಸಿದ್ಧವನ ಗುರುಕುಲವನ್ನು ಕಟ್ಟಿದರು. ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ, 1966ರಲ್ಲಿ, ಎಸ್‌ಡಿಎಂ ಕಾಲೇಜು ಬಂತು. ತಾಂತ್ರಿಕ ಕಾಲೇಜು ಬಂದದ್ದು 2007ರಲ್ಲಿ. ಗುರುಕುಲದ ಹುಡುಗರ ದಿನ ಇವತ್ತಿಗೂ ನಸುಕಿನಲ್ಲೇ ಶುರು. ಪ್ರಾರ್ಥನೆ, ತೋಟದ ಕೆಲಸ, ಆಮೇಲೆ ತರಗತಿ. ಕೈಗೆ ಮಣ್ಣು ಹತ್ತಿಸಿಕೊಂಡು ಓದಿದ ಹುಡುಗನಿಗೆ ದುಡಿಯುವವರ ಬಗ್ಗೆ ಯಾರೂ ಬೇರೆಯಾಗಿ ಪಾಠ ಮಾಡಬೇಕಾಗಿಲ್ಲ.

ಗುರುವಾಯನಕೆರೆಗೆ ಮರಳಿ ವೇಣೂರಿನ ದಾರಿ ಹಿಡಿದರೆ, 1604ರಿಂದ ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತ ಬಾಹುಬಲಿಯನ್ನು ದಾಟಿ ಮೂಡುಬಿದಿರೆ. ಊರ ನಡುವೆ ಸಾವಿರ ಕಂಬದ ಬಸದಿ, 1430ರ ಕಟ್ಟಡ. ಸಿವಿಲ್ ಓದುವ ಮಕ್ಕಳ ಜೊತೆ ಅಲ್ಲಿ ಒಂದು ಗಳಿಗೆ ನಿಲ್ಲಬೇಕು. ಕಲ್ಲಿನ ಕಂಬಗಳ ಮೈತುಂಬ ಕುಸುರಿ. ಆ ಕಂಬಗಳ ಮೇಲಿರುವ ಮಾಡು ಮಾತ್ರ ಕರಾವಳಿಯ ಮನೆಗಳ ಹಾಗೆ ಇಳಿಜಾರು, ಒಂದರ ಮೇಲೊಂದು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯನ್ನು ಲೆಕ್ಕಕ್ಕೆ ಹಿಡಿದೇ ಆ ಇಳಿಜಾರು ಕೊಟ್ಟಿದ್ದಾರೆ. ಕಂಬದ ಚೆಲುವು ನೋಡಿದವನು ಮಾಡಿನ ಲೆಕ್ಕವನ್ನೂ ನೋಡಬೇಕು. ಎರಡೂ ಒಂದೇ ಕಟ್ಟಡದವು.

ಮಿಜಾರಿನ ಶೋಭಾವನದಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 2008ರಲ್ಲಿ. ಡಾ. ಎಂ. ಮೋಹನ ಆಳ್ವರು 1995ರಲ್ಲಿ ಕಟ್ಟಿದ ಪ್ರತಿಷ್ಠಾನದ ಮುಂದುವರಿದ ಕೊಂಬೆ ಅದು. ಹೊರಗಿನವರಿಗೆ ಮಿಜಾರು ಎಂದರೆ ಕಂಬಳದ ಶ್ರೀನಿವಾಸ ಗೌಡರ ಊರು. 2020ರ ಫೆಬ್ರುವರಿಯಲ್ಲಿ ಐಕಳದ ಗದ್ದೆಯಲ್ಲಿ ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದವರು. ಆ ನೂರನೇ ಒಂದು ಪಾಲು ಸೆಕೆಂಡನ್ನು ಅಳೆಯುವುದು ಯಂತ್ರ. ಇವತ್ತು ಕಂಬಳದ ಓಟ ಮುಗಿಯುವ ಮಂಜೊಟ್ಟಿಯಲ್ಲಿ ಯಾರು ಮೊದಲು ಎಂದು ಹೇಳುವುದು ಲೇಸರ್ ಕಿರಣ. ಕೆಸರಿನ ಓಟಕ್ಕೂ ಕಿರಣದ ಲೆಕ್ಕಕ್ಕೂ ಇಲ್ಲಿ ಜಗಳವಿಲ್ಲ.

ಸಂಜೆ ನಾಲ್ಕೂವರೆ. ಕ್ಯಾಂಟೀನಿನಲ್ಲಿ ಬನ್ಸ್, ಗೋಳಿಬಜೆ ಖಾಲಿಯಾಗುವ ಹೊತ್ತಿಗೆ ಆಳ್ವಾಸ್‌ನ ಮೂಡುಬಿದಿರೆ ಆವರಣದಲ್ಲಿ ಬೇರೊಂದು ತರಗತಿ ತೆರೆಯುತ್ತದೆ. ಒಂದು ಮೂಲೆಯಲ್ಲಿ ಎಣ್ಣೆ ಹಚ್ಚಿದ ಮಲ್ಲಕಂಬ. ಇನ್ನೊಂದು ಕಡೆ ಡೊಳ್ಳು ಹೊತ್ತ ಹುಡುಗಿಯರು. ಮಣಿಪುರದಿಂದ ಓದಲು ಬಂದವರ ಕೋಲಿನ ನೃತ್ಯ ಬಂಟ್ವಾಳದ ಹುಡುಗರಿಗೂ ಬರುತ್ತದೆ. ಬಂಗಾಳದ ಪುರುಲಿಯಾ ಛಾವು ಕೂಡ. 2004ರಲ್ಲಿ ಶುರುವಾದ ಆಳ್ವಾಸ್ ನುಡಿಸಿರಿ ಸಮ್ಮೇಳನ, ವರ್ಷ ವರ್ಷದ ವಿರಾಸತ್, 2013ರ ಡಿಸೆಂಬರಿನ ವಿಶ್ವ ನುಡಿಸಿರಿ ಇವುಗಳ ವೇದಿಕೆಗೆ ಏರಿದ್ದು ಹೀಗೆ ಸಂಜೆ ಸಂಜೆ ಬೆವರಿಳಿಸಿದ ಕಾಲುಗಳು. ತಾಂತ್ರಿಕ ವಿಶ್ವವಿದ್ಯಾಲಯವೂ ಮೊದಲ ವರ್ಷದಲ್ಲಿ ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಕಲಿಸುತ್ತದೆ. ಆದರೆ ಹೊರಗಿನಿಂದ ಬಂದ ಮಕ್ಕಳ ನಾಲಿಗೆ ಪಳಗುವುದು ತರಗತಿಯಲ್ಲಿ ಅಲ್ಲ. ಎರಡು ತಿಂಗಳು ಕಳೆಯುವುದರೊಳಗೆ ಅವರ ಬಾಯಲ್ಲೂ "ಎಂತ ಮಾರಾಯ" ಕೂತಿರುತ್ತದೆ.

ಹಾಗೆಂದು ಇದು ಸಲೀಸು ಬದುಕಲ್ಲ. ಹಾಜರಿ ಶೇಕಡಾ 85ಕ್ಕಿಂತ ಕೆಳಗೆ ಇಳಿಯಬಾರದು. 100ರಲ್ಲಿ 50 ಅಂಕ ಸೆಮಿಸ್ಟರಿನುದ್ದಕ್ಕೂ ನಡೆಯುವ ಇಂಟರ್ನಲ್ಸಿನದು, ಉಳಿದ 50 ಸೆಮಿಸ್ಟರ್ ಪರೀಕ್ಷೆಯದು. ಯಕ್ಷಗಾನದ ಆಟದ ಮರುದಿನ ಪರೀಕ್ಷೆ ಬಂದರೆ ಎರಡನ್ನೂ ಬಿಡುವಂತಿಲ್ಲ.

ಅಂಥ ಒಂದು ರಾತ್ರಿ ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯಲ್ಲಿ ಕೂತಿದ್ದೆ. ಆ ದಿನ ವಿದ್ಯಾರ್ಥಿಗಳದೇ ಆಟ, 'ಅಭಿಮನ್ಯು ಕಾಳಗ'. ಅಭಿಮನ್ಯು ವೇಷದ ಹುಡುಗಿ ಕಂಪ್ಯೂಟರ್ ಸೈನ್ಸ್ ಓದುವವಳು. ಚಾಪೆಯ ಮೇಲೆ ಕಾಲು ಮಡಚಿ, ಗೋಡೆಗೆ ಒರಗಿಸಿದ ಕನ್ನಡಿಯ ಮುಂದೆ ಕೂತು, ತೆಂಗಿನೆಣ್ಣೆಯಲ್ಲಿ ಅರೆದ ಅರದಳದ ಹಳದಿಯನ್ನು ಕೆನ್ನೆಗೆ ಎಳೆಯುತ್ತಿದ್ದಳು. ಕನ್ನಡಿಯ ಬುಡದಲ್ಲಿ ನಾಳೆಯ ಇಂಟರ್ನಲ್ಸಿನ ನೋಟ್ಸ್. ಒಂದು ಗೆರೆ ಎಳೆಯುವುದು, ಒಂದು ಸಾಲು ಓದುವುದು. ಪುಟ ತಿರುಗಿಸಿದಾಗೆಲ್ಲ ಅಂಚಿಗೆ ಹಳದಿ ಬೆರಳಚ್ಚು ಬೀಳುತ್ತಿತ್ತು. ಮೇಳದ ಹಿರಿಯ ವೇಷಧಾರಿಯೊಬ್ಬರು ಎದೆಕಟ್ಟು ಬಿಗಿಯಲು ಬಂದವರು ಕೇಳಿದರು: "ಮಗಾ, ಓದಿ ಆಯಿತಾ?"

"ಇಲ್ಲ ಅಣ್ಣ, ಇನ್ನು ಒಂದು ಯೂನಿಟ್ ಉಂಟು."

"ಓದು. ಪೀಠಿಕೆಗೆ ಇನ್ನೂ ಅರ್ಧ ಗಂಟೆ ಉಂಟು" ಎಂದು ಅವರು ಚೌಕಿಯ ದೀಪವನ್ನು ಪುಟಕ್ಕೆ ಬೆಳಕು ಬೀಳುವ ಹಾಗೆ ಈಚೆಗೆ ತಿರುಗಿಸಿದರು.

ಆಮೇಲೆ ಚೆಂಡೆ ಏರಿತು. ಧಿಗಿಣದ ಮೇಲೆ ಧಿಗಿಣ ಹಾರಿ, ಉಸಿರು ತಿರುಗುವ ಮೊದಲೇ ಅವಳು ಮಾತಿಗೆ ನಿಂತಳು. ಯಕ್ಷಗಾನದಲ್ಲಿ ಹಾಡು ಭಾಗವತರದು, ಮಾತು ವೇಷಧಾರಿಯದೇ. ಎದುರು ನಿಂತ ದ್ರೋಣ ಏನು ಕೇಳುತ್ತಾನೋ ಮೊದಲೇ ಗೊತ್ತಿಲ್ಲ. ಕೇಳಿದ್ದಕ್ಕೆ ಆ ಕ್ಷಣದಲ್ಲೇ, ಪಾತ್ರ ಬಿಡದೆ, ಉತ್ತರ ಕೊಡಬೇಕು. ಇದನ್ನು ಕಲಿತವಳಿಗೆ ವೈವಾದ ಪ್ರಶ್ನೆ ಎಷ್ಟರ ಮಟ್ಟಿನದು? ತ್ರಿವುಡೆಯ 7 ಎಣಿಕೆ, ಝಂಪೆಯ 10 ಎಣಿಕೆ ತಪ್ಪದೆ ಕುಣಿಯುವ ಕಾಲಿಗೆ, ಪ್ರೋಗ್ರಾಮಿನ ಲೂಪು ಎಲ್ಲಿ ತಪ್ಪಿತು ಎಂದು ತಾಳ್ಮೆಯಿಂದ ಎಣಿಸುವುದು ಅಪರಿಚಿತವಲ್ಲ. ಕಲೆ ಇಲ್ಲಿ ಬಿಡುವಿನ ವೇಳೆಯ ಆಟ ಅಲ್ಲ. ಅದು ಓದಿನ ಇನ್ನೊಂದು ಅರ್ಧ.

ಆದರೂ ಮನಸ್ಸಿಗೆ ನೋವಾಗುವ ಒಂದು ಸಂಗತಿ ಇದೆ. ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು ಈಚಿನ ವರ್ಷಗಳಲ್ಲಿ ರಾಜ್ಯಕ್ಕೆ ಮೊದಲ ಎರಡು ಸ್ಥಾನಗಳಲ್ಲಿವೆ. ಹೆಮ್ಮೆಯೇ. ಆದರೆ ಪಿಯುಸಿಯ ಎರಡು ವರ್ಷಗಳಲ್ಲೇ ಎಷ್ಟೋ ಮನೆಗಳಲ್ಲಿ ಗೆಜ್ಜೆ ಅಟ್ಟಕ್ಕೆ ಏರುತ್ತದೆ. "ಸಿಇಟಿ ಮುಗಿಯಲಿ, ಆಮೇಲೆ ನೋಡುವ" ಎನ್ನುತ್ತಾರೆ. ಎರಡು ವರ್ಷ ಬಿಟ್ಟ ತಾಳ ಕಾಲಿಗೆ ಮರಳಿ ಬರುವುದು ಅಪರೂಪ.

ರಾತ್ರಿಯ ಕೊನೆಯ ಬಸ್ಸು ಸಿದ್ದಕಟ್ಟೆ, ರಾಯಿ ದಾಟಿ ಬಂಟ್ವಾಳಕ್ಕೆ ಇಳಿಯುವಾಗ ಮಕ್ಕಳೆಲ್ಲ ನಿದ್ದೆಗೆ ಜಾರಿರುತ್ತಾರೆ. ಒಬ್ಬನ ಕಿವಿಯ ಹಿಂದೆ ಒರೆಸಲು ಮರೆತ ಬಣ್ಣ, ಮಡಿಲಲ್ಲಿ ತೆರೆದ ಪುಸ್ತಕ. ಅಪ್ಪ ಅಮ್ಮಂದಿರಲ್ಲಿ ಕೇಳಿಕೊಳ್ಳುವುದು ಇಷ್ಟೇ: ನಿಮ್ಮ ಮಕ್ಕಳು ಚೆನ್ನಾಗಿ ಓದಲಿ, ಅಂಕವೂ ಬರಲಿ. ಆದರೆ ಅವರ ಗೆಜ್ಜೆಯನ್ನು ಅಟ್ಟಕ್ಕೆ ಹಾಕುವ ಮೊದಲು ಒಂದು ಸಲ ಆಟಕ್ಕೆ ಬನ್ನಿ, ಅವರು ಕುಣಿಯುವುದನ್ನು ಕೊನೆಯವರೆಗೆ ಕೂತು ನೋಡಿ.