ಪರದೇಶದ ಮಕ್ಕಳು ಬಂದರೆ ಏನು ಕೇಳೋಣ?

ಅಕ್ಕತಂಗಿಯರೆ, ವ್ಯಾಪಾರಕ್ಕೂ ಒಂದು ಓದು ಇದೆ. ನಿಮಗೆ ಗೊತ್ತೆ? ಸರಕಿಗೆ ಬೆಲೆ ಕಟ್ಟುವುದು, ಲೆಕ್ಕ ಇಡುವುದು, ಗಿರಾಕಿ ಹುಡುಕುವುದು, ಇವನ್ನೆಲ್ಲ ಕಾಲೇಜಿನಲ್ಲಿ ಕಲಿಸುತ್ತಾರೆ.

ಹೀಗೆ ಓದುವ ಕೆಲವು ಹುಡುಗ ಹುಡುಗಿಯರು ಬೇರೆ ದೇಶದ ಹಳ್ಳಿಗಳಿಗೆ ಹೋಗುತ್ತಾರೆ. ಅಲ್ಲಿ ಜನ ಸೇರಿ ನಡೆಸುವ ಸಣ್ಣ ಉದ್ಯಮಗಳಿಗೆ ನೆರವಾಗುತ್ತಾರೆ. ಸಂಬಳ ತಗೊಳ್ಳೋದಿಲ್ಲ. ಇಂಥವರನ್ನು ಸ್ವಯಂಸೇವಕರು ಅಂತಾರೆ.

"ಹಪ್ಪಳ ಒತ್ತೋಕೆ ನಮಗೆ ಬರುತ್ತೆ. ಆ ಮಕ್ಕಳು ನಮಗೇನು ಕಲಿಸ್ತಾರೆ?" ಅಂತ ನೀವು ಕೇಳಬಹುದು. ನಿಜ. ಹಪ್ಪಳದ ಕೆಲಸ ನೀವೇ ಅವರಿಗೆ ಕಲಿಸಬೇಕು. ಆದರೆ ಲೆಕ್ಕದ ಕೆಲಸಕ್ಕೆ ಅವರು ಒದಗಬಹುದು.

ಬಾಂಗ್ಲಾದೇಶದಲ್ಲಿ 1976ರಲ್ಲಿ ನಡೆದದ್ದು ಕೇಳಿ. ಅಲ್ಲಿ ಜೋಬ್ರಾ ಅಂತ ಒಂದು ಹಳ್ಳಿ. ಪಕ್ಕದಲ್ಲೇ ಚಿತ್ತಗಾಂಗ್ ವಿಶ್ವವಿದ್ಯಾಲಯ. ಮಹಮ್ಮದ್ ಯೂನುಸ್ ಅಲ್ಲಿ ಮೇಷ್ಟ್ರು. ಹಳ್ಳಿಯ ಒಬ್ಬ ತಾಯಿ ಬಿದಿರಿನ ಸ್ಟೂಲು ಹೆಣೆಯುತ್ತಿದ್ದಳು. ಬಿದಿರು ಕೊಳ್ಳಲು 5 ಟಾಕಾ ಸಾಲ ಮಾಡುತ್ತಿದ್ದಳು. ಟಾಕಾ ಅಂದರೆ ಆ ದೇಶದ ಹಣ. ಸಾಲ ಕೊಟ್ಟವನಿಗೇ ಸ್ಟೂಲು ಮಾರಬೇಕು. ಅವನು ಹೇಳಿದ್ದೇ ಬೆಲೆ. ದಿನವೆಲ್ಲ ದುಡಿದರೂ ಅವಳಿಗೆ ಉಳಿಯುತ್ತಿದ್ದುದು ಬರೀ ಅರ್ಧ ಟಾಕಾ!

ಇಂಥವರು ಊರಲ್ಲಿ ಎಷ್ಟು ಜನ? ಒಬ್ಬ ವಿದ್ಯಾರ್ಥಿನಿ ವಿಚಾರಿಸಿ ಪಟ್ಟಿ ಮಾಡಿದಳು. ಒಟ್ಟು 42 ಜನ. ಎಲ್ಲರ ಸಾಲ ಸೇರಿ 856 ಟಾಕಾ. ಇಷ್ಟು ಸಣ್ಣ ಮೊತ್ತಕ್ಕೆ ಅಷ್ಟು ಜನ ಸಿಕ್ಕಿಬಿದ್ದಿದ್ದರು. ಯೂನುಸ್ ಆ ಹಣವನ್ನು ತಮ್ಮ ಕೈಯಿಂದಲೇ ಸಾಲ ಕೊಟ್ಟರು. 1983ರಲ್ಲಿ ಈ ಕೆಲಸವೇ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಯೂನುಸ್ ಅವರಿಗೂ ಆ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮೊದಲು ಬೇಕಾದದ್ದು ಒಂದು ಪಟ್ಟಿ, ಒಂದು ಲೆಕ್ಕ.

ಈಗ ನಮ್ಮ ಚಾಮರಾಜನಗರ ಜಿಲ್ಲೆಗೆ ಬರೋಣ. ಲಾಂಟಾನ ಗಿಡ ನಮ್ಮ ಕಾಡೆಲ್ಲ ಹಬ್ಬಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತರು. ಏಟ್ರೀ ಎಂಬ ಸಂಸ್ಥೆ ತರಬೇತಿ ಕೊಟ್ಟಿತು. ಕಡ್ಡಿ ಕಾಡಿನದು. ಆದರೆ ಅದನ್ನು ಕಡಿದು ತರಬೇಕು, ಬೇಯಿಸಬೇಕು, ಸಿಪ್ಪೆ ಸುಲಿಯಬೇಕು, ಹೆಣೆಯಬೇಕು. ಕಡ್ಡಿ ಪುಕ್ಕಟೆ ಅಂತ ದುಡಿಮೆಯೂ ಪುಕ್ಕಟೆ ಆದೀತೆ?

ನಮ್ಮ ಲೆಕ್ಕದಲ್ಲಿ ತಪ್ಪಿಹೋಗುವುದು ಈ ದುಡಿಮೆಯೇ. ಗುಂಡ್ಲುಪೇಟೆ ಕಡೆಯ ಒಂದು ಸಂಘದ ನಾಲ್ವರು ಎರಡು ದಿನ ಹಪ್ಪಳ ಮಾಡಿದರು ಅಂದ್ಕೊಳ್ಳಿ.

ಸಾಮಾನು: 900 ರೂಪಾಯಿ
ಕವರು, ಸಾಗಣೆ: 300 ರೂಪಾಯಿ
ಒಟ್ಟು ಖರ್ಚು: 1,200 ರೂಪಾಯಿ
ಮಾರಿ ಬಂದದ್ದು: 1,600 ರೂಪಾಯಿ
ಉಳಿದದ್ದು: 400 ರೂಪಾಯಿ

400 ರೂಪಾಯಿ ಲಾಭವೆ? ನಾಲ್ಕು ಜನ, ಎರಡು ದಿನ. ಅಂದರೆ ಎಂಟು ಆಳಿನ ಕೆಲಸ. ಒಂದು ಆಳಿಗೆ ಬಿದ್ದದ್ದು 50 ರೂಪಾಯಿ. ಹೊಲದ ಕೂಲಿಗೆ ಹೋಗಿದ್ದರೂ ಇದಕ್ಕಿಂತ ಹೆಚ್ಚು ಬರುತ್ತಿತ್ತು. ಇದು ಲಾಭವಲ್ಲ, ನಷ್ಟ!

ಹಾಗಾದರೆ ಹಪ್ಪಳ ಬಿಡಬೇಕೆ? ಬೇಡ. ಉದ್ದನ್ನು ಸಗಟಿನಲ್ಲಿ ಕೊಂಡರೆ ಎಷ್ಟು ಉಳಿಯುತ್ತೆ? ದಲ್ಲಾಳಿ ಇಲ್ಲದೆ ಮಾರೋದು ಹೇಗೆ? ಬೆಲೆ ಎಷ್ಟು ಇಡಬೇಕು? ವ್ಯಾಪಾರ ಓದಿದ ಮಕ್ಕಳು ಬಂದರೆ ಇವನ್ನು ಕೇಳಿ. ಕೇಳೋಕೆ ನಾಚಿಕೆ ಬೇಡ.

ಒಂದು ಮಾತು ನೆನಪಿರಲಿ. ಆ ಮಕ್ಕಳು ಕೆಲವು ವಾರ ಇದ್ದು ಹೋಗುತ್ತಾರೆ. ಅವರಿಗೆ ನಮ್ಮ ಮಾತು ಬರೋದಿಲ್ಲ. ನಮ್ಮ ಸಂತೆ, ನಮ್ಮ ಮಳೆಗಾಲ ಗೊತ್ತಿಲ್ಲ. ಅವರು ಇಂಗ್ಲಿಷಿನಲ್ಲಿ ಲೆಕ್ಕ ಬರೆದುಕೊಂಡು ಹೋದರೆ ನಮಗೇನು ಬಂತು? ಲೆಕ್ಕ ಕನ್ನಡದಲ್ಲಿ ಇರಲಿ. ನಾವೇ ಬರೆಯೋಣ. ಪುಸ್ತಕ ಸಂಘದಲ್ಲೇ ಇರಲಿ. ತೀರ್ಮಾನವನ್ನೂ ಸಂಘವೇ ಮಾಡಲಿ.

ಯಾರೂ ಬರದಿದ್ದರೂ ಚಿಂತೆಯಿಲ್ಲ. ಈಗ ನಿಮಗೆ ಓದೋಕೆ, ಬರೆಯೋಕೆ ಬರುತ್ತೆ. ಕೂಡೋದು, ಕಳೆಯೋದು ಬರುತ್ತೆ. ಇಂದೇ ಶುರು ಮಾಡಿ.

ಸಂಘದಲ್ಲಿ ಕೂತು ಮಾತಾಡಿ:
1. ನೀವು ಮಾಡುವ ಒಂದು ಸರಕಿಗೆ ಏನೇನು ಖರ್ಚು ಆಗುತ್ತೆ? ಬರೆಯಿರಿ.
2. ಅದಕ್ಕೆ ಎಷ್ಟು ಆಳು ಬೇಕು? ಅವರ ಕೂಲಿ ಎಷ್ಟು? ಸೇರಿಸಿ.
3. ಈಗ ಬೆಲೆ ಸರಿಯಾಗಿದೆಯೆ?