ಒಂದು ಮುಷ್ಟಿ ಅವಲಕ್ಕಿಯ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜನರಿಗೆ ಉಪವಾಸವು ಹೊಸ ಸಂಗತಿಯಲ್ಲ. ಏಕಾದಶಿಯಂದು ಅನ್ನವನ್ನು ಬಿಟ್ಟು ಫಲಾಹಾರ ಮಾಡುವ ಮನೆಗಳು ಇಲ್ಲಿವೆ. ಬಸದಿಗಳ ಊರಾದ ಮೂಡುಬಿದಿರೆಯಲ್ಲಿ ಜೈನರ ಕಟ್ಟುನಿಟ್ಟಾದ ಉಪವಾಸಗಳಿವೆ. ಮುಸಲ್ಮಾನರ ಮನೆಗಳಲ್ಲಿ ರಂಜಾನಿನ ಉಪವಾಸವಿದೆ. ಇವುಗಳಿಗೆಲ್ಲ ವ್ರತದ ನಿಯಮವೇ ಅಳತೆ; ಕ್ಯಾಲೊರಿಯಲ್ಲ. ಆದರೆ ದೇಹದ ತೂಕವನ್ನು ಇಳಿಸುವುದಕ್ಕಾಗಿ ವಾರಕ್ಕೆ ಎರಡು ದಿನ ಅಲ್ಪಾಹಾರದಲ್ಲಿರುವ ಪದ್ಧತಿಯೊಂದು 2012ರಿಂದೀಚೆಗೆ ಬ್ರಿಟನ್ನಿನಿಂದ ಹರಡಿತು. ಅದರಲ್ಲಿ ಉಪವಾಸದ ದಿನ ಸ್ತ್ರೀಯರಿಗೆ 500, ಪುರುಷರಿಗೆ 600 ಕ್ಯಾಲೊರಿ ಎಂದು ಗೊತ್ತುಮಾಡಿದ್ದಾರೆ. ಆಹಾರಶಾಸ್ತ್ರದ ಈ ಕ್ಯಾಲೊರಿಯು ಭೌತವಿಜ್ಞಾನದ ಸಾವಿರ ಕ್ಯಾಲೊರಿಗಳಿಗೆ ಸಮನೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಒಂದು ಮನೆಯ ಅತ್ತಿಗೆ-ನಾದಿನಿಯರು ಈ ಪದ್ಧತಿಯನ್ನು ಕೈಗೊಂಡರೆಂದು ಭಾವಿಸೋಣ. ಇಬ್ಬರಿಗೂ ವಯಸ್ಸು 40, ಎತ್ತರ 160 ಸೆಂಟಿಮೀಟರ್. ನಾದಿನಿಯ ತೂಕ 60 ಕಿಲೊಗ್ರಾಂ, ಅತ್ತಿಗೆಯದು 90. ಇಬ್ಬರೂ 500 ಕ್ಯಾಲೊರಿಯನ್ನೇ ತಿಂದರು. ಸಂಜೆಯ ಹೊತ್ತಿಗೆ ಅತ್ತಿಗೆ ಬಳಲಿ ಕುಳಿತರೆ, “ಮನಸ್ಸು ಗಟ್ಟಿ ಇಲ್ಲ” ಎಂದು ಮನೆಯವರು ತೀರ್ಮಾನಿಸುವುದುಂಟು. ತಪ್ಪು ಮನಸ್ಸಿನದೋ, ಲೆಕ್ಕದ್ದೋ?

ಸುಮ್ಮನೆ ಮಲಗಿರುವಾಗಲೂ ದೇಹವು ಶಕ್ತಿಯನ್ನು ವ್ಯಯಿಸುತ್ತಲೇ ಇರುತ್ತದೆ. ಇದನ್ನು ಅಂದಾಜು ಮಾಡಲು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜೋರ್ ಸೂತ್ರವು ಬಳಕೆಯಲ್ಲಿದೆ. ಕಿಲೊಗ್ರಾಂಗಳಲ್ಲಿ ತೂಕವನ್ನು 10ರಿಂದಲೂ, ಸೆಂಟಿಮೀಟರುಗಳಲ್ಲಿ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿಸಬೇಕು. ವಯಸ್ಸಿನ ಐದರಷ್ಟನ್ನು ಕಳೆಯಬೇಕು. ಬಳಿಕ ಸ್ತ್ರೀಯರಿಗೆ 161 ಕಳೆಯಬೇಕು, ಪುರುಷರಿಗೆ 5 ಕೂಡಿಸಬೇಕು. ಹೀಗೆ ಗಣಿಸಿದರೆ ದಿನವೊಂದಕ್ಕೆ ನಾದಿನಿಗೆ 1239, ಅತ್ತಿಗೆಗೆ 1539 ಕ್ಯಾಲೊರಿ ಬರುತ್ತದೆ. ವಾಟುಗಳಿಗೆ ಪರಿವರ್ತಿಸಿದರೆ ಒಬ್ಬರು 60 ವಾಟಿನ ದೀಪ, ಇನ್ನೊಬ್ಬರು ಸುಮಾರು 75 ವಾಟಿನ ದೀಪ!

ತೂಕ ಒಂದೂವರೆ ಪಟ್ಟು. ವ್ಯಯವಾದರೋ ಸುಮಾರು ಒಂದೂಕಾಲು ಪಟ್ಟು ಮಾತ್ರ. ಏಕೆ ಹೀಗೆ? ದೇಹದ ಎಲ್ಲ ಭಾಗಗಳೂ ಸಮನಾಗಿ ಉರಿಯುವುದಿಲ್ಲ. ವಿಶ್ರಾಂತಿಯಲ್ಲಿ ಹೃದಯ, ಮೂತ್ರಪಿಂಡಗಳು ಕಿಲೊಗ್ರಾಂ ಒಂದಕ್ಕೆ ದಿನವೊಂದಕ್ಕೆ ಸುಮಾರು 440 ಕ್ಯಾಲೊರಿಯನ್ನೂ, ಮಿದುಳು 240ನ್ನೂ, ಸ್ನಾಯುಗಳು 13ನ್ನೂ ವ್ಯಯಿಸಿದರೆ, ಕೊಬ್ಬು ಕೇವಲ ನಾಲ್ಕೂವರೆಯನ್ನು ವ್ಯಯಿಸುತ್ತದೆ. ಹೆಚ್ಚಾದ ತೂಕದಲ್ಲಿ ಬಹುಪಾಲು ಕೊಬ್ಬೇ ಇರುತ್ತದಷ್ಟೆ. ಬಿ.ಸಿ. ರೋಡಿನಲ್ಲಿ ಎಂಜಿನು ನಿಲ್ಲಿಸದೆ ಕಾದಿರುವ ಲಾರಿಯನ್ನು ನೋಡಿರಿ. ಹೇರು ಹೆಚ್ಚಿತೆಂದು ನಿಂತಲ್ಲಿ ಅದು ಸುಡುವ ಎಣ್ಣೆ ಹೆಚ್ಚುವುದಿಲ್ಲ. ಅದೇ ಲಾರಿ ಚಾರ್ಮಾಡಿ ಘಾಟಿಯನ್ನು ಏರುವಾಗ ಹೇರಿಗೆ ತಕ್ಕಂತೆ ಎಣ್ಣೆ ಬೇಕು. ದೇಹವೂ ನಡೆಯುವಾಗ, ಮೆಟ್ಟಿಲೇರುವಾಗ ತೂಕಕ್ಕೆ ತಕ್ಕ ಬೆಲೆಯನ್ನು ತೆರುತ್ತದೆ.

ಹೆಚ್ಚು ಓಡಾಟವಿಲ್ಲದವರ ಒಟ್ಟು ವ್ಯಯವು ವಿಶ್ರಾಂತಿಯ ವ್ಯಯದ ಸುಮಾರು 1.4ರಷ್ಟು. ಆದುದರಿಂದ ನಾದಿನಿಗೆ 1735, ಅತ್ತಿಗೆಗೆ 2155 ಕ್ಯಾಲೊರಿ. ಈಗ 500ನ್ನು ತೂಗಿ ನೋಡಿರಿ: ನಾದಿನಿಗೆ ಅದು ದಿನದ ಅಗತ್ಯದ ಶೇಕಡಾ 29, ಅತ್ತಿಗೆಗೆ ಶೇಕಡಾ 23. ಒಂದೇ ನಿಯಮವಾದರೂ ಉಪವಾಸ ಒಂದೇ ಅಲ್ಲ. ಇಬ್ಬರಿಗೂ ತಮ್ಮ ತಮ್ಮ ಅಗತ್ಯದ ಕಾಲುಭಾಗವೆಂದು ಗೊತ್ತುಮಾಡಿದರೆ ನಾದಿನಿಗೆ ಸುಮಾರು 435, ಅತ್ತಿಗೆಗೆ 540 ಆಗುತ್ತದೆ. ತೂಕಕ್ಕೆ ಸರಿಯಾಗಿ ಒಂದೂವರೆ ಪಟ್ಟು ಬಡಿಸಿದರೆ 650 ಮುಟ್ಟಿ ಲೆಕ್ಕ ಮೀರುವುದು.

ಸರಿಯಾದ ಅಂತರವು 105 ಕ್ಯಾಲೊರಿ. ಎಂದರೆ 30 ಗ್ರಾಂ ಅವಲಕ್ಕಿ, ಹೆಚ್ಚು ಕಡಿಮೆ ಒಂದು ಮುಷ್ಟಿ! ಅಷ್ಟೇ ತೂಕದ ತೆಂಗಿನತುರಿಯಲ್ಲಿಯೂ ಅಷ್ಟೇ ಕ್ಯಾಲೊರಿ ಇದೆ. ಅವಲಕ್ಕಿಯ ಮೇಲೆ ಅಳತೆಯಿಲ್ಲದೆ ಉದುರಿಸಿದ ತುರಿಯು ಇಡೀ ಲೆಕ್ಕವನ್ನು ಕೆಡಿಸಬಲ್ಲದು. ತೂಕ ಇಳಿದಂತೆ ಲೆಕ್ಕವನ್ನೂ ಹೊಸದಾಗಿ ಮಾಡಬೇಕು: ಹತ್ತು ಕಿಲೊಗ್ರಾಂ ಇಳಿದರೆ ಉಪವಾಸದ ದಿನದ ಪಾಲು 35 ಕ್ಯಾಲೊರಿಯಷ್ಟು ತಗ್ಗುತ್ತದೆ.

ಸೂತ್ರವು ಅಂದಾಜನ್ನು ಮಾತ್ರ ಕೊಡುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಶೇಕಡಾ ಹತ್ತರಷ್ಟು ವ್ಯತ್ಯಾಸ ಸಾಮಾನ್ಯ. ಉಪವಾಸದಲ್ಲಿ ವಿಶೇಷ ಮಹಿಮೆಯನ್ನು ಕಾಣುವುದೂ ಸಲ್ಲ. ಶಿಕಾಗೋದಲ್ಲಿ ಸ್ಥೂಲಕಾಯದ ನೂರು ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ದಿನಬಿಟ್ಟು ದಿನ ಅಗತ್ಯದ ಕಾಲುಭಾಗವನ್ನು ಉಂಡವರೂ, ಪ್ರತಿದಿನ ಮಿತವಾಗಿ ಉಂಡವರೂ ಇಳಿಸಿದ ತೂಕ ಹೆಚ್ಚುಕಡಿಮೆ ಒಂದೇ. ಬೆಳೆಯುವ ವಯಸ್ಸಿನ ವಿದ್ಯಾರ್ಥಿಗಳಿಗೂ ಗರ್ಭಿಣಿಯರಿಗೂ ಈ ಪದ್ಧತಿ ತಕ್ಕುದಲ್ಲ. ಇನ್ಸುಲಿನ್ ಮೊದಲಾದ ಮಧುಮೇಹದ ಔಷಧಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು.

ಆದುದರಿಂದ ಮನೆಯಲ್ಲಿ ಯಾರಾದರೂ ಇಂತಹ ಉಪವಾಸದಲ್ಲಿ ಬಳಲಿದರೆ ಅವರ ಮನೋಬಲವನ್ನು ತೂಗುವ ಮೊದಲು, ತಟ್ಟೆಯಲ್ಲಿರುವುದನ್ನು ತೂಗಿ ನೋಡುವುದು ಲೇಸು. ಕೊರತೆಯಾದುದು ಒಂದು ಮುಷ್ಟಿ ಅವಲಕ್ಕಿಯೇ ಇರಬಹುದು.